ಆ್ಯಪ್‌ನಲ್ಲಿ ಗಾಳಿ ‘ತೃಪ್ತಿಕರ’, ಬೆಳಗ್ಗೆ ಆರಕ್ಕೆ ಮನೆಯಲ್ಲಿ ಉಬ್ಬಸ: ಯಾವುದನ್ನು ನೋಡಿಕೊಂಡು ನಡೆಯಬೇಕು?

ಹೂಟಗಳ್ಳಿ ನಿವಾಸಿ

ಮನೆ ಮೈಸೂರಿನ ಹೂಟಗಳ್ಳಿ ಕಡೆ, ರಿಂಗ್ ರೋಡಿನಿಂದ ಎರಡನೇ ಸಾಲು. ಅಮ್ಮನಿಗೆ 68 ವರ್ಷ, ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಏದುಸಿರು ಬರುವ ದೀರ್ಘಕಾಲದ ಕಾಯಿಲೆ) ಮತ್ತು ಶುಗರ್ ಎರಡೂ ಇವೆ. ಮಗಳಿಗೆ 7, ಶೀತ ಹಿಡಿದರೆ, ಹೊಗೆ ಕುಡಿದರೆ ಎದೆ ಗುಯ್‌ಗುಟ್ಟುತ್ತದೆ, ಮಕ್ಕಳ ಡಾಕ್ಟರು ಚೀಟಿಯಲ್ಲಿ ಆಸ್ತಮಾ ಎಂದೇ ಬರೆದಿದ್ದಾರೆ. ಚಳಿ ಶುರುವಾದ ಮೇಲೆ ಬೆಳಗ್ಗೆ ಐದೂವರೆಯಿಂದ ಎಂಟರವರೆಗೆ ಇಬ್ಬರಿಗೂ ಕೆಮ್ಮು ಜಾಸ್ತಿ. ಆ ಹೊತ್ತಿಗೆ ಮೊಬೈಲ್ ತೆಗೆದು ನೋಡಿದರೆ ಮೈಸೂರಿನದೇ ಹೆಬ್ಬಾಳದ ಮಾಪನ ಕೇಂದ್ರದ ಎಕ್ಯೂಐ (ಗಾಳಿಯ ಗುಣಮಟ್ಟದ ಸೂಚ್ಯಂಕ) 90, ‘ತೃಪ್ತಿಕರ’. ಇನ್ನೊಂದು ಆ್ಯಪ್ ಅದೇ ಊರಿಗೆ 146 ಎಂದು ಕಿತ್ತಳೆ ಬಣ್ಣ ತೋರಿಸುತ್ತದೆ.

ಯಾವುದನ್ನು ನಂಬುವುದು? ಅಮ್ಮ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ಆರಕ್ಕೆ ವಾಕಿಂಗ್ ಹೋಗುತ್ತಾರೆ, ಅದನ್ನು ನಿಲ್ಲಿಸಬೇಕಾ ಅಥವಾ ಹೊತ್ತು ಬದಲಿಸಿದರೆ ಸಾಕಾ? ಮಗಳ ಶಾಲೆಯಲ್ಲಿ ಪಿಟಿ ಬೆಳಗಿನ ಮೊದಲ ಪೀರಿಯಡ್. ಮಾಸ್ಕ್, ಪಂಪ್ (ಇನ್‌ಹೇಲರ್) ಇವನ್ನು ಯಾವಾಗ, ಹೇಗೆ ಬಳಸಬೇಕು? ‘ಡಾಕ್ಟರನ್ನು ಕೇಳಿ’ ಅಂತಷ್ಟೇ ಹೇಳಬೇಡಿ, ಅದಂತೂ ಮಾಡುತ್ತೇನೆ. ಅಲ್ಲಿಗೆ ಏನು ಬರೆದುಕೊಂಡು ಹೋಗಬೇಕು ಅನ್ನುವುದನ್ನೂ ತಿಳಿಸಿ.

ಗಾಳಿಮಾಪಕ

ಎರಡೂ ಆ್ಯಪ್ ಸರಿಯೇ ಇರಬಹುದು ಸಾರ್, ಅಳತೆಪಟ್ಟಿ ಬೇರೆ ಬೇರೆ. ನಮ್ಮ ದೇಶದ ಎಕ್ಯೂಐನಲ್ಲಿ ಪಿಎಂ 2.5 (2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣಗಳು) ಘನ ಮೀಟರಿಗೆ 60 ಮೈಕ್ರೋಗ್ರಾಂ ತಲುಪಿದಾಗ ಸೂಚ್ಯಂಕ 100. ಅಮೆರಿಕದ ಪಟ್ಟಿಯಲ್ಲಿ 35 ದಾಟುತ್ತಿದ್ದಂತೆ 100 ಆಗಿಬಿಡುತ್ತದೆ. ಹಾಗಾಗಿ 54 ಮೈಕ್ರೋಗ್ರಾಂ ಇರುವ ಒಂದೇ ಗಾಳಿಗೆ ಇಲ್ಲಿ ಸುಮಾರು 90, ಅಲ್ಲಿ ಸುಮಾರು 146. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ದಿನದ ಮಿತಿಯಂತೂ 15 ಮಾತ್ರ. ಆದ್ದರಿಂದ ಸೂಚ್ಯಂಕ ಬಿಟ್ಟು ‘ಪಿಎಂ 2.5 ಎಷ್ಟು ಮೈಕ್ರೋಗ್ರಾಂ’ ಅಂತಲೇ ನೋಡುವುದನ್ನು ರೂಢಿ ಮಾಡಿಕೊಳ್ಳಿ, ಗೊಂದಲ ಅರ್ಧ ಕಡಿಮೆಯಾಗುತ್ತದೆ.

ನಿಮ್ಮ ಮನೆಯ ವಿಷಯದಲ್ಲಿ ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಸರ್ಕಾರಿ ಎಕ್ಯೂಐ ದೂಳಿನ ಕಣಗಳಿಗೆ 24 ಗಂಟೆಯ ಸರಾಸರಿ ತೆಗೆದುಕೊಳ್ಳುತ್ತದೆ. ಲೆಕ್ಕ ಹಾಕಿ ನೋಡಿ: ದಿನದ 18 ಗಂಟೆ ಪಿಎಂ 2.5 ಬರೀ 35 ಇದೆ, ರಾತ್ರಿ ಮತ್ತು ನಸುಕು ಸೇರಿ 6 ಗಂಟೆ 110 ಇದೆ ಅಂದುಕೊಳ್ಳಿ. ಸರಾಸರಿ ಸುಮಾರು 54, ಅಂದರೆ ‘ತೃಪ್ತಿಕರ’. ಆ ಆರು ಗಂಟೆಯ 110 ಇಡೀ ದಿನ ಇದ್ದಿದ್ದರೆ ಅದೇ ಪಟ್ಟಿ ‘ಕಳಪೆ’ ಅನ್ನುತ್ತಿತ್ತು. ನಿಮ್ಮ ತಾಯಿ ವಾಕಿಂಗ್ ಹೋಗುವುದು ಆ ಆರು ಗಂಟೆಯೊಳಗೇ. ಆರೋಗ್ಯವಂತರಿಗೆ ದಿನದ ಸರಾಸರಿ ನೋಡಿದರೆ ನಡೆಯುತ್ತದೆ. ಆಸ್ತಮಾ, ಸಿಒಪಿಡಿ, ಹೃದಯದ ತೊಂದರೆ ಇದ್ದವರಿಗೆ ಗಂಟೆಯ ಲೆಕ್ಕ ಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ಹೆಬ್ಬಾಳ ಕೇಂದ್ರ ಆರಿಸಿ ಪಿಎಂ 2.5ರ ಗಂಟೆವಾರು ಗ್ರಾಫ್ ತೆಗೆಯಬಹುದು. ಒಂದು ವಾರದ್ದು ನೋಡಿದರೆ ಏರಿಳಿತ ಕಣ್ಣಿಗೆ ಕಟ್ಟುತ್ತದೆ.

ನಸುಕಿನಲ್ಲೇ ಯಾಕೆ ಹೆಚ್ಚು? ನವೆಂಬರಿನಿಂದ ಫೆಬ್ರವರಿವರೆಗೆ ಮೋಡವಿಲ್ಲದ ರಾತ್ರಿಗಳಲ್ಲಿ ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ಅಂಟಿದ ಗಾಳಿ ತಂಪು, ಮೇಲಿನದು ಬೆಚ್ಚಗೆ. ತಂಪು ಗಾಳಿ ಮೇಲೇಳುವುದಿಲ್ಲ, ಬೀಸುಗಾಳಿಯೂ ಇರುವುದಿಲ್ಲ. ರಾತ್ರಿ ಓಡಿದ ಲಾರಿಗಳ ಹೊಗೆ, ಕಸಕ್ಕೆ ಹಚ್ಚಿದ ಬೆಂಕಿ, ಬೆಳಗ್ಗೆ ಹಚ್ಚುವ ನೀರೊಲೆ ಎಲ್ಲವೂ ತಳದಲ್ಲೇ ಕೂರುತ್ತವೆ. ಬಿಸಿಲು ಏರಿ ಹತ್ತು ಗಂಟೆ ಹೊತ್ತಿಗೆ ಗಾಳಿ ಕಲೆಸಿದ ಮೇಲೆ ಇಳಿಯುತ್ತದೆ, ಸಂಜೆ ಏಳರ ನಂತರ ಮತ್ತೆ ಏರುತ್ತದೆ.

ಇನ್ನೊಂದು: ಕೇಂದ್ರದ ಅಂಕಿ ಕೇಂದ್ರ ಇರುವ ಜಾಗದ್ದು. ದೊಡ್ಡ ರಸ್ತೆಯ ಹೊಗೆ ಮೊದಲ 100–200 ಮೀಟರಿನಲ್ಲಿ ಬಹಳಷ್ಟು ಇಳಿದುಬಿಡುತ್ತದೆ. ಎರಡನೇ ಸಾಲಿನ ಮನೆಗೆ ಆ ಅನುಕೂಲ ಪೂರ್ತಿ ಸಿಗದು. ಎರಡು ಮೂರು ಸಾವಿರದ ಲೇಸರ್ ಮಾಪಕ ತರುವ ಯೋಚನೆ ಇದ್ದರೆ ತನ್ನಿ, ಆದರೆ ಮಂಜು ಮುಸುಕಿದ ಬೆಳಗ್ಗೆ ಅದನ್ನು ನಂಬಬೇಡಿ. ಗಾಳಿಯಲ್ಲಿ ತೇವ ಶೇ 85 ದಾಟಿದರೆ ಕಣಗಳು ನೀರು ಹೀರಿ ಉಬ್ಬುತ್ತವೆ, ಯಂತ್ರ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಮನೆಯೊಳಗೆ ಒಗ್ಗರಣೆ ಹಾಕಿದಾಗ, ಸಾಂಬ್ರಾಣಿ ಹಾಕಿದಾಗ ಎಷ್ಟು ಏರುತ್ತದೆ, ಇಳಿಯಲು ಎಷ್ಟು ಹೊತ್ತು ಬೇಕು ಅನ್ನುವುದಕ್ಕೆ ಮಾತ್ರ ಚೆನ್ನಾಗಿ ಬರುತ್ತದೆ.

ಶ್ವಾಸ ಒಪಿಡಿ

ಮೇಲಿನ ಲೆಕ್ಕ ಸರಿ. ರೋಗಿಯ ಕಡೆಯಿಂದ ಹೇಳುತ್ತೇನೆ.

ಕೆಟ್ಟ ಗಾಳಿಯ ಪರಿಣಾಮ ಒಂದೇ ಥರ, ಒಂದೇ ಹೊತ್ತಿಗೆ ಬರುವುದಿಲ್ಲ. ಗಂಧಕದ ಡೈಆಕ್ಸೈಡ್ ಅನಿಲ ಆಸ್ತಮಾ ಇದ್ದವರ ಶ್ವಾಸನಾಳವನ್ನು ನಿಮಿಷಗಳಲ್ಲಿ ಬಿಗಿಸಬಲ್ಲದು. ಸೂಕ್ಷ್ಮಕಣಗಳು ನಾಳದ ಒಳಪದರ ಕೆರಳಿಸಿ ಊತ ತಂದು ಕಫ ಹೆಚ್ಚಿಸುವುದಕ್ಕೆ ಕೆಲವು ಗಂಟೆಯಿಂದ ಎರಡು ಮೂರು ದಿನ ಹಿಡಿಯಬಹುದು. ಅಂದರೆ ದೀಪಾವಳಿ ರಾತ್ರಿ ಆರಾಮಾಗಿದ್ದವರು ಮೂರನೇ ದಿನ ಏದುಸಿರು ಬಿಡುತ್ತಾ ಬಂದರೆ ಆಶ್ಚರ್ಯವಿಲ್ಲ. ‘ಅವತ್ತು ಏನೂ ಆಗಲಿಲ್ಲ, ಇದು ಬೇರೆ ಏನೋ’ ಎಂದು ಮನೆಯವರು ತಳ್ಳಿಹಾಕುವುದು ಇಲ್ಲೇ.

ವಾಕಿಂಗ್ ಪೂರ್ತಿ ನಿಲ್ಲಿಸಬೇಡಿ. ಸಿಒಪಿಡಿ ಇದ್ದವರು ನಡೆಯುವುದು ಬಿಟ್ಟರೆ ಕಾಲಿನ ಸ್ನಾಯು ಸೊರಗಿ ಏದುಸಿರು ಇನ್ನೂ ಹೆಚ್ಚುತ್ತದೆ. ಹೊತ್ತು ಬದಲಿಸಿ. ಚಳಿಗಾಲದಲ್ಲಿ ಹತ್ತರ ನಂತರ, ಅಥವಾ ಸಂಜೆ ನಾಲ್ಕರಿಂದ ಐದೂವರೆಯೊಳಗೆ. ಮಾರ್ಚ್‌ನಿಂದ ಮೇವರೆಗೆ ಇದು ತಿರುಗುಮುರುಗು: ಬಿಸಿಲಿಗೆ ನೆಲಮಟ್ಟದ ಓಝೋನ್ ಮಧ್ಯಾಹ್ನ ಏರುತ್ತದೆ, ಸೆಕೆಯೂ ಇರುತ್ತದೆ, ಆಗ ಬೆಳಗ್ಗೆಯೇ ವಾಸಿ. ಕೆರೆ ಏರಿ ಒಳ್ಳೆಯ ಜಾಗವೇ, ಆದರೆ ಹುಣಸೂರು ರಸ್ತೆ ಪಕ್ಕದ ಕಡೆಗಿಂತ ಒಳಭಾಗದಲ್ಲಿ ನಡೆದರೆ ಒಳಿತು. ವೇಗವೂ ಮುಖ್ಯ. ಸುಮ್ಮನೆ ಕೂತವರು ನಿಮಿಷಕ್ಕೆ 6–8 ಲೀಟರ್ ಗಾಳಿ ಎಳೆಯುತ್ತಾರೆ, ಬಿರುಸಾಗಿ ನಡೆದರೆ 20–30, ಓಡಿದರೆ 50 ದಾಟುತ್ತದೆ. ಶಾಲೆಯ ಪಿಟಿಗೂ ಇದೇ ಲೆಕ್ಕ. ಹೊಗೆ ಕಣ್ಣಿಗೆ ಕಾಣುವಷ್ಟಿದ್ದ ಬೆಳಗ್ಗೆ ಓಟ ಬಿಟ್ಟು ಒಳಗೆ ಯೋಗ, ಇಲ್ಲವೇ ಪಿಟಿಯನ್ನು ಊಟಕ್ಕೆ ಮುಂಚಿನ ಪೀರಿಯಡ್ಡಿಗೆ ಹಾಕಿ ಎಂದು ಬರೆದು ಕೊಡಿ; ಜೊತೆಗೆ ಮಗುವಿನ ಪಂಪ್ ಆಫೀಸಿನ ಬೀರುವಿನಲ್ಲಿ ಬೀಗ ಹಾಕಿಡದೆ ಕ್ಲಾಸ್ ಟೀಚರ್ ಕೈಗೆ ಸಿಗುವಂತೆ ಇಡಲು ಹೇಳಿ.

ಸ್ಕೂಟರಿನಲ್ಲಿ ಶಾಲೆಗೆ ಬಿಡುವಾಗ ಮಗುವನ್ನು ಮುಂದೆ ನಿಲ್ಲಿಸಿಕೊಳ್ಳಬೇಡಿ. ಸಿಗ್ನಲ್ಲಿನಲ್ಲಿ ಮುಂದಿನ ಬಸ್ಸಿನ ಸೈಲೆನ್ಸರ್ ನೇರ ಅದರ ಮುಖಕ್ಕೆ. ಮಕ್ಕಳು ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿ ಎಳೆಯುತ್ತಾರೆ, ಬಾಯಲ್ಲಿ ಉಸಿರಾಡುವುದೂ ಜಾಸ್ತಿ.

ಡಾಕ್ಟರ ಹತ್ತಿರ ಒಯ್ಯಲು ಒಂದು ನೋಟ್‌ಬುಕ್ ಇಡಿ. ತಾರೀಖು, ಬೆಳಗ್ಗೆ ಆರರ ಪಿಎಂ 2.5, ರಾತ್ರಿ ಕೆಮ್ಮಿಗೆ ಎದ್ದಿದ್ದಾರಾ, ತುರ್ತು ಪಂಪ್ ಎಷ್ಟು ಸಲ, ಕಫದ ಬಣ್ಣ. ಮಗಳಿಗೆ ಪೀಕ್ ಫ್ಲೋ ಮೀಟರ್ (ಎಷ್ಟು ಜೋರಾಗಿ ಊದಬಲ್ಲಳು ಎಂದು ಅಳೆಯುವ ಸಾಧನ) ತನ್ನಿ, ಏಳು ವರ್ಷಕ್ಕೆ ಕಲಿಯಬಲ್ಲಳು: ನಿಂತುಕೊಂಡು, ಮುಳ್ಳು ಸೊನ್ನೆಗೆ ತಂದು, ತುಂಬ ಉಸಿರೆಳೆದು, ತುಟಿ ಬಿಗಿಯಾಗಿ ಮುಚ್ಚಿ ಒಂದೇ ಸಲಕ್ಕೆ ಜೋರಾಗಿ ಊದಬೇಕು. ಮೂರು ಸಲ ಊದಿ ದೊಡ್ಡದನ್ನು ಬರೆಯಿರಿ, ಸರಾಸರಿ ಬೇಡ. ಆರಾಮಾಗಿದ್ದ ದಿನಗಳ ಅತ್ಯುತ್ತಮ ಅಂಕಿಯ ಶೇ 80ರ ಮೇಲಿದ್ದರೆ ಸರಿ, 50–80 ಇದ್ದರೆ ಡಾಕ್ಟರು ಬರೆದುಕೊಟ್ಟ ಹೆಚ್ಚುವರಿ ಔಷಧಿಯ ಹೊತ್ತು, 50ಕ್ಕಿಂತ ಇಳಿದರೆ ಪಂಪ್ ಕೊಡುತ್ತಲೇ ಆಸ್ಪತ್ರೆ.

ಅಮ್ಮನಿಗೆ ಆಕ್ಸಿಮೀಟರ್, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಶೇಕಡಾ ಎಷ್ಟು ಎಂದು ನೋಡುವಂಥದ್ದು. ಕೈ ತಣ್ಣಗಿದ್ದರೆ, ಉಗುರಿಗೆ ಬಣ್ಣ ಅಥವಾ ಮೆಹಂದಿ ಇದ್ದರೆ ತಪ್ಪು ತೋರಿಸಬಹುದು; ಬೆರಳು ಉಜ್ಜಿ ಬೆಚ್ಚಗೆ ಮಾಡಿ ಒಂದು ನಿಮಿಷ ಬಿಟ್ಟು ಓದಿ. ಅವರ ಮಾಮೂಲಿ ಅಂಕಿ ಎಷ್ಟು ಎನ್ನುವುದು ಮೊದಲೇ ಗೊತ್ತಿರಬೇಕು. ಸಿಒಪಿಡಿಯಲ್ಲಿ ಆಮ್ಲಜನಕ ಕೊಡುವಾಗ ಸಾಮಾನ್ಯವಾಗಿ 88–92 ಗುರಿ ಇಟ್ಟುಕೊಳ್ಳುತ್ತೇವೆ. ಮನೆಯಲ್ಲಿ ಆಮ್ಲಜನಕದ ಯಂತ್ರ (ಕಾನ್ಸಂಟ್ರೇಟರ್) ಇದ್ದರೆ 98 ಬರಲಿ ಎಂದು ಗುಂಡಿ ತಿರುಗಿಸುತ್ತಾ ಹೋಗಬೇಡಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಟ್ಟಿಕೊಂಡು ಮಂಪರು ಬರುತ್ತದೆ.

ಕಾಯದೆ 108ಕ್ಕೆ ಕರೆ ಮಾಡಬೇಕಾದ್ದು: ಒಂದು ವಾಕ್ಯ ಪೂರ್ತಿ ಹೇಳಲು ಆಗದಿರುವುದು, ತುಟಿ ನೀಲಿ, ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ಮಂಪರು. ಗುಯ್ ಸದ್ದು ನಿಂತಿತು ಅಂತ ಸಮಾಧಾನ ಪಡಬೇಡಿ. ಏದುಸಿರು ಹಾಗೇ ಇದ್ದು ಸದ್ದು ಮಾತ್ರ ನಿಂತಿದ್ದರೆ ಗಾಳಿ ಹೋಗುತ್ತಲೇ ಇಲ್ಲ ಎಂದರ್ಥ.

ಇನ್ನು ಹೃದಯ. ಕೆಟ್ಟ ಗಾಳಿಯ ದಿನಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಕೂಡ ಹೆಚ್ಚುತ್ತವೆ: ರಕ್ತನಾಳ ಬಿಗಿಯುತ್ತದೆ, ರಕ್ತ ಹೆಪ್ಪುಗಟ್ಟುವ ಗುಣ ಏರುತ್ತದೆ. ಶುಗರ್ ಇದ್ದವರಿಗೆ ಎದೆನೋವೇ ಬರದಿರಬಹುದು. ಸುಸ್ತು, ಬೆವರು, ದವಡೆ ಹಿಡಿದಂತಾಗುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ಅಷ್ಟೇ. ನಮ್ಮ ಕಡೆ ಇದಕ್ಕೆಲ್ಲ ‘ಗ್ಯಾಸ್ಟ್ರಿಕ್’ ಎಂದು ಹೆಸರಿಟ್ಟು ಸೋಡಾ ಕುಡಿಸಿ ಮಲಗಿಸುವ ಅಭ್ಯಾಸ. ಮೊದಲು ಇಸಿಜಿ ಮಾಡಿಸಿ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ಜಯದೇವ ಹೃದ್ರೋಗ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಮೈಸೂರಿನಲ್ಲಾದರೆ ಕೆಆರ್‌ಎಸ್ ರಸ್ತೆಯಲ್ಲಿ ಜಯದೇವವೇ ಇದೆ.

ಮದ್ದಿನ ಕೌಂಟರ್

ಪಂಪಿನ ವಿಷಯ ನಾನು ಹೇಳುತ್ತೇನೆ. ಔಷಧಿ ಸರಿಯಿದ್ದು ಎಳೆಯುವ ರೀತಿ ತಪ್ಪಿದ್ದರೆ ಎಲ್ಲಾ ಗಂಟಲಲ್ಲೇ ಕೂರುತ್ತದೆ.

ಪಂಪು ಎರಡು ಬಗೆ. ದಿನಾ ತೆಗೆದುಕೊಳ್ಳುವುದು ಊತ ಇಳಿಸುವಂಥದ್ದು, ಆರಾಮಾಗಿದ್ದೇನೆ ಎಂದು ಅದನ್ನು ಬಿಟ್ಟವರೇ ಹೊಗೆಯ ದಿನ ಸಿಕ್ಕಿಬೀಳುವುದು. ಇನ್ನೊಂದು ತುರ್ತಿನದು, ಸಾಮಾನ್ಯವಾಗಿ ಸಾಲ್ಬುಟಮಾಲ್, ಒಂದು ಒತ್ತಿಗೆ 100 ಮೈಕ್ರೋಗ್ರಾಂ. ತುರ್ತಿನದು ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಬೇಕಾಗುತ್ತಿದ್ದರೆ ಆಸ್ತಮಾ ಹತೋಟಿಯಲ್ಲಿಲ್ಲ. 200 ಒತ್ತಿನ ಡಬ್ಬಿ ವರ್ಷಕ್ಕೆ ಮೂರು ಖಾಲಿಯಾದರೂ ಅಪಾಯದ ಗುರುತೇ.

ಸ್ಪೇಸರ್ (ಪಂಪಿಗೂ ಬಾಯಿಗೂ ನಡುವೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ಇಲ್ಲದೆ ಮಗುವಿಗೂ ವಯಸ್ಸಾದವರಿಗೂ ಪಂಪ್ ಕೊಡಬೇಡಿ. ಉಬ್ಬಸ ಬಂದಾಗ: ನೇರವಾಗಿ ಕೂರಿಸಿ, ಮಲಗಿಸಬೇಡಿ. ಡಬ್ಬಿ ಅಲ್ಲಾಡಿಸಿ, ಸ್ಪೇಸರಿಗೆ ಸಿಕ್ಕಿಸಿ, ಒಂದು ಸಲ ಒತ್ತಿ, ನಾಲ್ಕು ಉಸಿರು ಎಳೆದು ಬಿಡಲಿ. ಮತ್ತೆ ಅಲ್ಲಾಡಿಸಿ ಎರಡನೆಯದು. ಹೀಗೆ ನಾಲ್ಕು ಒತ್ತು, ಆಮೇಲೆ ನಾಲ್ಕು ನಿಮಿಷ ಕಾಯಿರಿ. ಇಳಿಯದಿದ್ದರೆ ಇನ್ನೊಂದು ನಾಲ್ಕು. ಆಗಲೂ ಇಳಿಯದಿದ್ದರೆ 108, ಗಾಡಿ ಬರುವವರೆಗೆ ಇದೇ ಕ್ರಮ ಮುಂದುವರಿಸಿ. ಡಾಕ್ಟರು ಬೇರೆ ಲೆಕ್ಕ ಬರೆದುಕೊಟ್ಟಿದ್ದರೆ ಅದೇ ಪ್ರಮಾಣ. ನಾಲ್ಕೂ ಒಟ್ಟಿಗೆ ಒತ್ತಿ ಒಂದೇ ಸಲ ಎಳೆಸುವವರು ಬಹಳ ಮಂದಿ. ಹಾಗೆ ಮಾಡಿದರೆ ಔಷಧಿ ಸ್ಪೇಸರಿನ ಗೋಡೆಗೆ ಅಂಟುತ್ತದೆ.

ಹುಡಿ ಕ್ಯಾಪ್ಸೂಲಿನ ಪಂಪ್ ತುರ್ತಿಗೆ ಆಗಿಬರುವುದಿಲ್ಲ. ಅದನ್ನು ಜೋರಾಗಿ ಎಳೆಯಬೇಕು, ಉಬ್ಬಸ ಬಂದಾಗ ಆ ಶಕ್ತಿಯೇ ಇರುವುದಿಲ್ಲ. ಆ ಕ್ಯಾಪ್ಸೂಲ್ ನುಂಗಿ ‘ಗುಣ ಕಾಣಲಿಲ್ಲ’ ಎಂದು ವಾಪಸ್ ಬರುವವರೂ ಉಂಟು, ಅಮ್ಮನಿಗೆ ಒಮ್ಮೆ ಮಾಡಿ ತೋರಿಸಲು ಹೇಳಿ ನೋಡಿ.

ಸ್ಪೇಸರನ್ನು ವಾರಕ್ಕೊಮ್ಮೆ ಸ್ವಲ್ಪ ಡಿಟರ್ಜೆಂಟ್ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ತೆಗೆದು ಹಾಗೇ ಒಣಗಲು ಬಿಡಿ. ಬಟ್ಟೆಯಲ್ಲಿ ಒರೆಸಿದರೆ ಒಳಗೆ ಸ್ಥಾಯಿ ವಿದ್ಯುತ್ ಹುಟ್ಟಿ ಔಷಧಿಯನ್ನು ಗೋಡೆ ಎಳೆದುಕೊಳ್ಳುತ್ತದೆ. ಡಬ್ಬಿಯನ್ನು ನೀರಲ್ಲಿ ತೇಲಿಸಿ ಖಾಲಿಯೋ ಎಂದು ನೋಡುವುದು ಬಿಡಿ, ಎಣಿಕೆ ಇಟ್ಟುಕೊಳ್ಳಿ. ಸ್ಟೀರಾಯ್ಡ್ ಪಂಪ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ನಾಲಗೆಯ ಮೇಲೆ ಬಿಳಿ ಅಗ್ರ ಬರುತ್ತದೆ.

ಮನೆಮದ್ದು ಪ್ರಿಯ

ಇಷ್ಟೆಲ್ಲ ಯಾಕೆ? ರಾತ್ರಿ ನೀಲಗಿರಿ ಎಣ್ಣೆ ಹಾಕಿ ಆವಿ ತೆಗೆದುಕೊಂಡು, ಹೊರಗೆ ಹೋಗುವಾಗ ಒದ್ದೆ ಕರ್ಚೀಫ್ ಕಟ್ಟಿಕೊಂಡರೆ ದೂಳೆಲ್ಲ ನಿಲ್ಲುತ್ತದೆ.

ಶ್ವಾಸ ಒಪಿಡಿ

ದೂಳು ನಿಲ್ಲುತ್ತದೆ, ಪಿಎಂ 2.5 ನಿಲ್ಲುವುದಿಲ್ಲ. ಬಟ್ಟೆಯ ನೇಯ್ಗೆಯ ಸಂದು ಅದಕ್ಕೆ ಹೆದ್ದಾರಿ ಇದ್ದ ಹಾಗೆ. ಆವಿ ಮೂಗು ಕಟ್ಟಿದ್ದನ್ನು ಸಡಿಲಿಸಬಹುದು, ಶ್ವಾಸಕೋಶದ ಆಳಕ್ಕೆ ಹೋದ ಕಣವನ್ನು ತೆಗೆಯದು. ಆಸ್ತಮಾ ಮಗುವಿಗೆ ನೀಲಗಿರಿ ಘಾಟೇ ಕೆಲವೊಮ್ಮೆ ಉಬ್ಬಸ ಎಬ್ಬಿಸುತ್ತದೆ, ಬಿಸಿನೀರಿನ ಪಾತ್ರೆ ಮಗುಚಿ ಸುಟ್ಟುಕೊಳ್ಳುವ ಅಪಾಯ ಬೇರೆ.

ಮಾಸ್ಕ್ ಬೇಕೆಂದರೆ ಎನ್95 ಅಥವಾ ಎಫ್‌ಎಫ್‌ಪಿ2, ತಲೆಯ ಹಿಂದೆ ಎರಡು ಪಟ್ಟಿ ಬರುವಂಥದ್ದು. ಮೂಗಿನ ಮೇಲಿನ ತಂತಿಯನ್ನು ಎರಡೂ ಕೈಬೆರಳಿನಿಂದ ನಡುವಿನಿಂದ ಹೊರಕ್ಕೆ ಒತ್ತಿ. ಒಂದೇ ಕೈಯಲ್ಲಿ ಚಿವುಟಿದರೆ ನಡುವೆ ಸಂದು ಬೀಳುತ್ತದೆ. ಜೋರಾಗಿ ಉಸಿರು ಬಿಟ್ಟಾಗ ಕಣ್ಣ ಹತ್ತಿರ ಗಾಳಿ ತಾಕಿದರೆ, ಕನ್ನಡಕ ಮಂಜಾದರೆ ಕೂತಿಲ್ಲ. ಗಡ್ಡ ಇದ್ದರೆ ಕೂರುವುದೇ ಇಲ್ಲ. ತೊಳೆಯಬೇಡಿ, ಸೋಸುವ ಪದರದ ವಿದ್ಯುದಂಶ ಹೋಗಿ ಬರೀ ಬಟ್ಟೆಯಾಗುತ್ತದೆ. ಕಣಗಳಿಗೆ ಮಾತ್ರ ಇದು. ಓಝೋನ್, ಕಾರ್ಬನ್ ಮೊನಾಕ್ಸೈಡ್‌ನಂಥ ಅನಿಲಗಳಿಗಲ್ಲ. ಏಳು ವರ್ಷದ ಮಗುವಿಗೆ ಮಕ್ಕಳ ಅಳತೆಯದ್ದೇ ಬೇಕು. ಅಮ್ಮನಿಗೆ ಕೂತಲ್ಲೇ ಏದುಸಿರು ಇದ್ದರೆ ಎನ್95 ಹಾಕಿಸಿ ನಡೆಸಬೇಡಿ. ಅಂಥ ದಿನ ಮನೆಯೊಳಗಿರುವುದೇ ವಾಸಿ.

ಮದ್ದೂರು ಸೀಮೆಯವ

ನಮ್ಮ ಕಡೆ ರಸ್ತೆಗಿಂತ ಆಲೆಮನೆ ಹೊಗೆ. ಕಬ್ಬಿನ ಸಿಪ್ಪೆ ಚೆನ್ನಾಗಿ ಒಣಗಿದ್ದರೆ ಅಷ್ಟು ತೊಂದರೆಯಿಲ್ಲ, ಹಸಿಯಿದ್ದಾಗ ದಟ್ಟ ಬಿಳಿ ಹೊಗೆ. ಕೆಲವರು ಹಳೆ ಟೈರು, ಪ್ಲಾಸ್ಟಿಕ್ ಹಾಕುತ್ತಾರೆ, ಆಗ ಕಪ್ಪು ಹೊಗೆ ಮತ್ತು ಗಂಟಲು ಉರಿ. ಕಟಾವಾದ ಗದ್ದೆಯಲ್ಲಿ ತರಗಿಗೆ ಬೆಂಕಿ ಬೇರೆ. ಮನೆಯಲ್ಲಿ ಐದು ತಿಂಗಳ ಕೂಸು ಇದ್ದರೆ ಏನು ನೋಡಬೇಕು ಡಾಕ್ಟ್ರೇ?

ಶ್ವಾಸ ಒಪಿಡಿ

ಕೂಸು ಅಳದೆ ಇದ್ದಾಗ ಅಂಗಿ ಎತ್ತಿ ಎದೆ ನೋಡಿಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗೆ 60, ಎರಡರಿಂದ ಹನ್ನೆರಡು ತಿಂಗಳಿಗೆ 50, ಒಂದರಿಂದ ಐದು ವರ್ಷಕ್ಕೆ 40. ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅವತ್ತೇ ತೋರಿಸಿ. ಎದೆ ಗುಳಿ ಬಿದ್ದರೆ, ಹಾಲು ಕುಡಿಯದಿದ್ದರೆ ರಾತ್ರಿಯಾದರೂ ಹೊರಡಿ. ಆ ವಯಸ್ಸಿಗೆ ಮಾಸ್ಕ್ ಬೇಡವೇ ಬೇಡ. ಗಾಳಿ ಬೀಸುವ ದಿಕ್ಕಿನ ಕಿಟಕಿ ಮುಚ್ಚಿ, ಹೊಗೆಗೆ ದೂರದ ಕೋಣೆಯಲ್ಲಿ ಮಲಗಿಸಿ. ಬಾಣಂತಿ ಕೋಣೆಗೆ ಸಾಂಬ್ರಾಣಿ ಹಾಕುವುದನ್ನು ನಿಲ್ಲಿಸಿ. ಆಲೆಮನೆ ಹೊಗೆ ನಿಮ್ಮ ಕೈಯಲ್ಲಿಲ್ಲ, ಇದು ಇದೆ.

ಗಾಳಿಮಾಪಕ

ಟೈರ್ ಸುಡುವುದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಡಿ, ಪ್ರತಿಯನ್ನು ಪಂಚಾಯಿತಿಗೆ. ಫೋಟೊದಲ್ಲಿ ತಾರೀಖು, ಹೊತ್ತು, ಜಾಗ ಬರಲಿ, ಒಲೆಯ ಬಾಯಿ ಪಕ್ಕದ ಟೈರ್ ರಾಶಿ ಕಾಣಲಿ. ಬರೀ ಹೊಗೆಯ ಫೋಟೊ ಇಟ್ಟುಕೊಂಡು ಯಾರೂ ಏನೂ ಮಾಡಲಾರರು. ಊರೊಳಗೆ ಕಸ, ಎಲೆ ಸುಡುವುದಕ್ಕೂ ಇದೇ ಕ್ರಮ, ಆದರೆ ಪಾಲಿಕೆಯ ವಾರ್ಡ್ ಹೆಲ್ತ್ ಇನ್ಸ್‌ಪೆಕ್ಟರಿಗೆ. ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಗುಡಿಸುವ ಪೌರಕಾರ್ಮಿಕರ ಮೇಲೆ ಮಾತ್ರ ಎಗರಬೇಡಿ. ಗುಡ್ಡೆ ಹಾಕಿದ ಎಲೆ ಎತ್ತಲು ಗಾಡಿ ಬರದಿದ್ದಾಗಲೇ ಬೆಂಕಿ ಬೀಳುವುದು, ಆ ಹೊಗೆ ಮೊದಲು ಕುಡಿಯುವವರೂ ಅವರೇ. ಗಾಡಿ ಯಾಕೆ ಬರುತ್ತಿಲ್ಲ ಎಂದು ಕೇಳಿ.

ಹೂಟಗಳ್ಳಿ ನಿವಾಸಿ

ಎಲ್ಲರಿಗೂ ಧನ್ಯವಾದ. ಒಂದೇ ಉಳಿದಿದೆ. ಅಮ್ಮ, ಮಗಳು ಮಲಗುವುದು ಹತ್ತಕ್ಕೆ ಹನ್ನೆರಡಡಿ ಕೋಣೆಯಲ್ಲಿ. ಏರ್ ಪ್ಯೂರಿಫೈಯರ್ ಕೊಂಡರೆ ಪ್ರಯೋಜನ ಇದೆಯಾ? ಈಗ ಅಲ್ಲಿ ಸೊಳ್ಳೆ ಬತ್ತಿ ಹಚ್ಚುತ್ತೇವೆ.

ಗಾಳಿಮಾಪಕ

ಮೊದಲು ಸೊಳ್ಳೆ ಬತ್ತಿ ತೆಗೆಯಿರಿ ಸಾರ್, ಪ್ಯೂರಿಫೈಯರ್ ಆಮೇಲೆ. ಒಂದು ಬತ್ತಿ ಉರಿದು ಮುಗಿಯುವಷ್ಟರಲ್ಲಿ 75ರಿಂದ 137 ಸಿಗರೇಟಿನಷ್ಟು ಪಿಎಂ 2.5 ಬರುತ್ತದೆ ಎಂದು 2003ರ ಒಂದು ಅಧ್ಯಯನ ಅಳೆದಿದೆ. ಮುಚ್ಚಿದ ಕೋಣೆಯಲ್ಲಿ ಅದನ್ನು ಹಚ್ಚಿ ಹೊರಗಿನ ಎಕ್ಯೂಐ ನೋಡುವುದರಲ್ಲಿ ಅರ್ಥವಿಲ್ಲ. ಸೊಳ್ಳೆ ಪರದೆ ಕಟ್ಟಿ, ಕಿಟಕಿಗೆ ಜಾಲರಿ ಹಾಕಿಸಿ. ಊದುಬತ್ತಿ ದೇವರ ಮನೆಯಲ್ಲೇ ಇರಲಿ, ಬಾಗಿಲು ಮುಚ್ಚಿರಲಿ. ಒಣ ಪೊರಕೆ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ನೀರೊಲೆ ಇದ್ದರೆ ಬಚ್ಚಲು ಮನೆಯಿಂದ ಒಳಕ್ಕೆ ಬರುವ ಬಾಗಿಲ ಸಂದಿಗೆ ಬಟ್ಟೆ ತುರುಕಿ.

ಕೋಣೆ ಹತ್ತಡಿ ಎತ್ತರ ಇದ್ದರೆ 1,200 ಘನ ಅಡಿ, ಅಂದರೆ 34 ಘನ ಮೀಟರ್. ಗಂಟೆಗೆ ಐದು ಸಲ ಗಾಳಿ ಸೋಸಬೇಕೆಂದರೆ 34ನ್ನು 5ರಿಂದ ಗುಣಿಸಿ: 170. ಡಬ್ಬಿಯ ಮೇಲೆ ಸಿಎಡಿಆರ್ (ಯಂತ್ರ ಸೋಸಿ ಕೊಡುವ ಗಾಳಿಯ ಪ್ರಮಾಣ) ಗಂಟೆಗೆ 170 ಘನ ಮೀಟರಿಗಿಂತ ಮೇಲಿರಬೇಕು. ಆ ಅಂಕಿ ಪೂರ್ತಿ ವೇಗದ್ದು, ರಾತ್ರಿ ಸದ್ದಾಗುತ್ತದೆಂದು ಸಣ್ಣ ವೇಗಕ್ಕೆ ಇಟ್ಟರೆ ತೀರಾ ಇಳಿಯುತ್ತದೆ. ಅದಕ್ಕೇ 300ರ ಆಸುಪಾಸಿನದು ಕೊಂಡು ಮಧ್ಯಮ ವೇಗದಲ್ಲಿ ಓಡಿಸುವುದು ಜಾಣತನ. ಸೂಕ್ಷ್ಮಕಣ ಹಿಡಿಯುವ ಹೆಪಾ ಫಿಲ್ಟರ್ ಇರಬೇಕು. ಓಝೋನ್ ಬಿಡುವ ಯಂತ್ರ ಉಚಿತವಾಗಿ ಕೊಟ್ಟರೂ ಬೇಡ, ಉಬ್ಬಸ ಇರುವ ಮನೆಗೆ ಅದೇ ಒಂದು ಮಾಲಿನ್ಯ. ಬದಲಿ ಫಿಲ್ಟರಿನ ಬೆಲೆ ಮೊದಲೇ ಕೇಳಿಕೊಳ್ಳಿ, ಎಷ್ಟೋ ಮನೆಗಳಲ್ಲಿ ಯಂತ್ರ ಮೂಲೆ ಸೇರುವುದು ಅದರ ದುಬಾರಿಗೆ.

ರಾತ್ರಿ ಏಳರಿಂದ ಬೆಳಗ್ಗೆ ಒಂಬತ್ತೂವರೆವರೆಗೆ ರಿಂಗ್ ರೋಡ್ ಕಡೆಯ ಕಿಟಕಿ ಮುಚ್ಚಿ, ಹನ್ನೊಂದರಿಂದ ನಾಲ್ಕರವರೆಗೆ ಎಲ್ಲಾ ತೆಗೆಯಿರಿ. ಗ್ಯಾಸ್ ಗೀಸರ್ ಇರುವ ಬಚ್ಚಲಿನ ಕಿಟಕಿಯನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ.